ಕರೆಂಟು ಹೋಗುವ ಊರಿಗೆ ಕ್ರಾನ್ ಸಾಕೇ? ಅಟ್, ಟೈಮರ್ ಸೇರಿಸಿ ಬಳಸಿ ನೋಡಿದ ಮೇಲೆ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವವಳು ನಾನು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಬಟವಾಡೆ, ಕೊಯ್ಲಿನ ತೂಕ, ಮಳೆ ಲೆಕ್ಕ ಎಲ್ಲವೂ ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಒಂದು ಹಳೇ ಡೆಸ್ಕ್‌ಟಾಪಿನಲ್ಲಿವೆ. ದಿನಾ ಆಗಬೇಕಾದ್ದು, ವಾರಕ್ಕೊಮ್ಮೆ ಆಗಬೇಕಾದ್ದು, ಎಂದೋ ಒಂದೇ ಸಲ ಆಗಬೇಕಾದ್ದು, ಇವನ್ನೆಲ್ಲ ಹೊತ್ತಿಗೆ ಸರಿಯಾಗಿ ತಾನೇ ಮಾಡಲು ಅದರಲ್ಲಿ ನಾಲ್ಕು ಸಾಧನಗಳಿವೆ: ಕ್ರಾನ್, ಅನಾಕ್ರಾನ್, ಅಟ್ ಮತ್ತು ಸಿಸ್ಟಮ್‌ಡಿ ಟೈಮರ್. ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ನಾಲ್ಕನ್ನೂ ಬಳಸಿದ್ದೇನೆ, ಮೂರನ್ನು ಉಳಿಸಿಕೊಂಡಿದ್ದೇನೆ.

ಇವುಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಯಂತ್ರ ಆರದೇ ಇರುವ ಜಾಗದಲ್ಲಿ ಕೂತು ಬರೆದವರು. ನಮ್ಮಲ್ಲಿ ಜೂನ್ ಹಿಡಿಯಿತೆಂದರೆ ಗಾಳಿಮಳೆಗೆ ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬೀಳುತ್ತದೆ, ಹೋದ ಕರೆಂಟು ಯಾವಾಗ ಬರುತ್ತದೋ ಹೇಳುವಂತಿಲ್ಲ. ಯುಪಿಎಸ್ ಕೊಡುವುದು ತೆರೆದ ಫೈಲುಗಳನ್ನು ಮುಚ್ಚುವಷ್ಟು ಹೊತ್ತು ಮಾತ್ರ. ಹಾಗಾಗಿ ಇಂಥ ಸಾಧನ ಯಾವುದೇ ಇರಲಿ, ನಾನು ಮೊದಲು ಕೇಳುವುದು ಇಷ್ಟೇ: ಹೇಳಿದ ಹೊತ್ತಿಗೆ ಕಂಪ್ಯೂಟರ್ ಆರಿತ್ತು, ಆಮೇಲೆ ಬಂತು, ತಪ್ಪಿಹೋದ ಆ ಕೆಲಸದ ಗತಿ ಏನು? ಉಳಿದ ಗುಣಾವಗುಣಗಳೆಲ್ಲ ಇದರ ನಂತರ.

ಕ್ರಾನ್ ಹಿರಿಯ. 1979ರ ಏಳನೇ ಆವೃತ್ತಿಯ ಯೂನಿಕ್ಸಿನಲ್ಲೇ ಇತ್ತು. ಡೆಬಿಯನ್ನಿನಲ್ಲಿ ಈಗ ಸಿಗುವುದು ಪಾಲ್ ವಿಕ್ಸಿ 1987ರಲ್ಲಿ ಹೊಸದಾಗಿ ಬರೆದದ್ದರ ಮುಂದುವರಿಕೆ. ಒಂದು ಕೆಲಸಕ್ಕೆ ಒಂದು ಸಾಲು. ಸಾಲಿನಲ್ಲಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂದು ಐದು ಮನೆ, ಆಮೇಲೆ ಓಡಿಸಬೇಕಾದ ಕಮಾಂಡ್. * ಎಂದರೆ ಆ ಮನೆಯಲ್ಲಿ ಯಾವುದಾದರೂ ಸರಿ; 30 20 * * * ಎಂದು ಬರೆದರೆ ದಿನಾ ರಾತ್ರಿ ಎಂಟೂವರೆಗೆ. ಕಲಿಯಲು ಒಂದು ಸಂಜೆ ಧಾರಾಳವಾಯಿತು. ಆದರೆ ಮೇಲಿನ ಪ್ರಶ್ನೆಗೆ ಕ್ರಾನ್ ಕೊಡುವ ಉತ್ತರ: ಏನೂ ಇಲ್ಲ. ಹೊತ್ತು ಮೀರಿದರೆ ಮೀರಿತು, ಅದು ಹಿಂದಿರುಗಿ ನೋಡುವುದಿಲ್ಲ. ಎಂಟೂವರೆಗೆ ಕತ್ತಲೆಯಿದ್ದರೆ ಆ ದಿನದ ಬ್ಯಾಕಪ್ ಇಲ್ಲ. ಇಲ್ಲ ಎಂದು ಹೇಳುವವರೂ ಇಲ್ಲ.

ಹಾಗೆಂದು ಅದನ್ನು ಬಿಟ್ಟಿಲ್ಲ, ಏಕೆಂದರೆ ಒಂದು ಸರದಿ ತಪ್ಪಿದರೂ ನಷ್ಟವಿಲ್ಲದ ಕೆಲಸಕ್ಕೆ ಅದಕ್ಕಿಂತ ಹಗುರವಾದದ್ದು ನನಗೆ ಸಿಕ್ಕಿಲ್ಲ. ನಮ್ಮ ಮಳೆ ಲೆಕ್ಕವನ್ನೇ ನೋಡಿ. ಹವಾಮಾನ ಇಲಾಖೆಯ ರೂಢಿಯಂತೆ ಬೆಳಿಗ್ಗೆ 8:30ಕ್ಕೆ ಮಳೆಮಾಪಕ ನೋಡಿ, ಹಿಂದಿನ 24 ಗಂಟೆಯ ಮಳೆ ಬರೆಯಬೇಕು. ತೋಟದಲ್ಲಿ ಆಳುಗಳ ಲೆಕ್ಕ ಇಡುವ ರೈಟರು ಫೋನ್ ಮಾಡಿ "ಅಕ್ಕಾ, ಒಂದು ಇಂಚು ಇಪ್ಪತ್ತು ಸೆಂಟ್ಸು" ಅನ್ನುತ್ತಾರೆ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್ಸು); ನಾನು ಹಾಗೇ ಹಾಕಿದರೆ ಹಾಳೆಯ ಪಕ್ಕದ ಮನೆಯಲ್ಲಿ 30.5 ಮಿಲಿಮೀಟರ್ ಎಂದು ತಾನೇ ಬರುತ್ತದೆ. ಬೆಳಗಿನ ಗಡಿಬಿಡಿಯಲ್ಲಿ ಫೋನು ಬಾರದ ದಿನಗಳಿಗಾಗಿ */15 9-11 * * * ಎಂದು ಒಂದು ಸಾಲು ಹಾಕಿಟ್ಟಿದ್ದೇನೆ. ಒಂಬತ್ತು ಗಂಟೆಯಿಂದ 11:45ರ ತನಕ ಕಾಲು ಗಂಟೆಗೊಮ್ಮೆ ಒಂದು ಸ್ಕ್ರಿಪ್ಟು (ಕಮಾಂಡುಗಳನ್ನು ಬರೆದಿಟ್ಟ ಫೈಲು) ಇಣುಕಿ ನೋಡುತ್ತದೆ, ಅಂದಿನ ಮಳೆ ಮನೆ ಖಾಲಿಯಿದ್ದರೆ ರೈಟರ ಫೋನಿಗೊಂದು ಮೆಸೇಜು ಹೋಗುತ್ತದೆ. ಕರೆಂಟು ಹೋಗಿ ಒಂದೆರಡು ಸರದಿ ತಪ್ಪಿದರೆ ಬಾಧಕವಿಲ್ಲ, ಮುಂದಿನ ಕಾಲು ಗಂಟೆಗೆ ಮತ್ತೆ ನೋಡುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಂದಾಗ ಒಂದೊಂದು ಸೆಂಟ್ಸಿಗೂ ಬೆಲೆಯಿರುವುದರಿಂದ, ನಮ್ಮ ಗೌಡ್ರು ಈ ಮನೆ ಖಾಲಿ ಬಿಡಲು ಒಪ್ಪುವುದಿಲ್ಲ.

ಕ್ರಾನ್ ಬಳಸುವವರು ತಿಳಿದಿರಲೇಬೇಕಾದ, ಎಡವಿ ಬೀಳುವ ಕೆಲವು ಮೂಲೆಗಳಿವೆ. ಅರೇಬಿಕಾ ಕೊಯ್ಲು ನಮ್ಮಲ್ಲಿ ನವೆಂಬರಿನಿಂದ ಜನವರಿ. ತಿಂಗಳಿನ ಮನೆಯಲ್ಲಿ 11-1 ಎಂದು ಬರೆದರೆ ನಡೆಯುವುದಿಲ್ಲ, ವರ್ಷದ ಗಡಿ ದಾಟುವುದು ಅದಕ್ಕೆ ಬಾರದು. 11,12,1 ಎಂದು ಬಿಡಿಸಿ ಬರೆಯಬೇಕು. ಇದಕ್ಕಿಂತ ದೊಡ್ಡ ಮೂಲೆ ತಾರೀಖು ಮತ್ತು ವಾರದ್ದು. ತಿಂಗಳ ಮೊದಲ ಶನಿವಾರ ಸಂಜೆ ನಾಲ್ಕಕ್ಕೆ ಆಳುಗಳ ಮುಂಗಡದ ಪಟ್ಟಿ ಬೇಕು ಅನ್ನಿ. 0 16 1-7 * 6 ಎಂದು (ಕೊನೆಯ 6 ಎಂದರೆ ಶನಿವಾರ) ಬರೆದರೆ ಸರಿಯಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಕ್ರಾನ್ ಅದನ್ನು ಓದುವುದು ಬೇರೆ ರೀತಿ: ಒಂದರಿಂದ ಏಳನೇ ತಾರೀಖಿನವರೆಗೆ ದಿನಾ, ಅದರ ಮೇಲೆ ಎಲ್ಲಾ ಶನಿವಾರ. ತಾರೀಖು, ವಾರ ಎರಡನ್ನೂ ತುಂಬಿದರೆ ಯಾವುದಾದರೂ ಒಂದು ಹೊಂದಿದರೆ ಸಾಕು ಎಂಬುದು ಅದರ ನಿಯಮ. ತಿಂಗಳ ಕೊನೆಯ ದಿನ ಎಂದು ಹೇಳಲೂ ದಾರಿಯಿಲ್ಲ. 28ರಿಂದ 31ರವರೆಗೆ ಓಡಿಸಿ, ನಾಳೆ ಒಂದನೇ ತಾರೀಖೇ ಎಂದು ಕಮಾಂಡಿನಲ್ಲೇ ಪರೀಕ್ಷಿಸಬೇಕು. ಅಲ್ಲಿ ತಾರೀಖು ಕೇಳಲು % ಗುರುತು ಬರುತ್ತದೆ. ಕ್ರಾನ್ ಸಾಲಿನಲ್ಲಿ % ಎಂದರೆ ಸಾಲು ಮುರಿಯಿತು ಎಂದರ್ಥ, ಹಾಗಾಗಿ ಅದರ ಹಿಂದೆ \ ಹಾಕಲೇಬೇಕು. ಕಮಾಂಡು ಟೈಪಿಸುವ ಟರ್ಮಿನಲ್ಲಿನಲ್ಲಿ ಚೆನ್ನಾಗಿ ಓಡಿದ ಕಮಾಂಡು ಕ್ರಾನಿನಲ್ಲಿ ಮುಗ್ಗರಿಸಲು ಇದೊಂದು ಕಾರಣ. ಇನ್ನೊಂದು ಪಾತ್: ಡೆಬಿಯನ್ ಕ್ರಾನ್ ಕಮಾಂಡುಗಳನ್ನು ಹುಡುಕುವ ಜಾಗಗಳು ತೀರಾ ಕಡಿಮೆ. ಸ್ಕ್ರಿಪ್ಟಿನ ಪೂರ್ತಿ ವಿಳಾಸ ಬರೆದುಬಿಡುವುದು ಒಳ್ಳೆಯದು.

ಕೆಲಸ ಓಡಿದಾಗ ಬಂದ ಮಾತುಗಳನ್ನು ಕ್ರಾನ್ ಮೇಲ್ ಮಾಡುತ್ತದೆ. ಯಂತ್ರದಲ್ಲಿ ಮೇಲ್ ಕಳಿಸುವ ವ್ಯವಸ್ಥೆ ಇಲ್ಲದಿದ್ದರೆ ಯಂತ್ರದ ದಾಖಲೆಯಲ್ಲಿ (ಲಾಗ್) ಒಂದು ಸಾಲು ಬರೆದು ಆ ಮಾತನ್ನೆಲ್ಲ ಎಸೆದುಬಿಡುತ್ತದೆ. ಹೊಸದಾಗಿ ಹಾಕಿದವರು ಮೊದಲ ದಿನವೇ ಇದನ್ನು ನೋಡಿಕೊಳ್ಳಿ. ಮತ್ತೊಂದು, ಕ್ರಾನ್ ಪಟ್ಟಿಯ ಕಮಾಂಡಿನಲ್ಲಿ ಪಟ್ಟಿ ತಿದ್ದಲು ಇ, ಇಡೀ ಪಟ್ಟಿ ಅಳಿಸಲು ಆರ್. ಕೀಬೋರ್ಡಿನಲ್ಲಿ ಎರಡೂ ಅಕ್ಕಪಕ್ಕ ಇವೆ. ಅಳಿಸುವಾಗ ಅದು ಕೇಳುವುದಿಲ್ಲ. ಪಟ್ಟಿಯ ಒಂದು ಪ್ರತಿ ಬ್ಯಾಕಪ್ಪಿನಲ್ಲಿ ಇರಲೇಬೇಕು.

ಅನಾಕ್ರಾನ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಸದಾ ಉರಿಯದ ಯಂತ್ರಕ್ಕೆಂದೇ ಮಾಡಿದ್ದು, ತಪ್ಪಿದ ದಿನದ ಕೆಲಸವನ್ನು ಯಂತ್ರ ಬಂದ ಮೇಲೆ ಮಾಡುತ್ತದೆ. ಆದರೆ ಅದಕ್ಕೆ ದಿನಗಳ ಲೆಕ್ಕ ಗೊತ್ತು, ಗಂಟೆಯ ಲೆಕ್ಕ ಗೊತ್ತಿಲ್ಲ. ರಾತ್ರಿ ಎಂಟೂವರೆಗೇ ಎಂದು ಹೇಳಿಸಿಕೊಳ್ಳುವುದಿಲ್ಲ. ನಾನು ಬಿಟ್ಟದ್ದು ಇದನ್ನೇ.

ಈಗ ನಾನು ಮನಸಾರೆ ಹೊಗಳುವ ಸಾಧನಕ್ಕೆ ಬರುತ್ತೇನೆ. ಸಿಸ್ಟಮ್‌ಡಿ ಟೈಮರಿಗೆ ಎರಡು ಫೈಲು ಬೇಕು, ಏನು ಮಾಡಬೇಕು ಎಂಬುದಕ್ಕೆ ಒಂದು, ಯಾವಾಗ ಎಂಬುದಕ್ಕೆ ಇನ್ನೊಂದು. ಕ್ರಾನಿನ ಒಂದು ಸಾಲು ಕಂಡವರಿಗೆ ಇದು ಬೇಸರ ತರಿಸುತ್ತದೆ, ನನಗೂ ತರಿಸಿತು. ಆದರೆ ಯಾವಾಗ ಎಂಬ ಫೈಲಿನಲ್ಲಿ ಪರ್ಸಿಸ್ಟೆಂಟ್ ಎಂಬ ಒಂದು ಸಾಲನ್ನು ಟ್ರೂ ಎಂದು ಬರೆದರೆ, ಕೊನೆಯ ಸಲ ಓಡಿದ ಹೊತ್ತನ್ನು ಅದು ಡಿಸ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಯಂತ್ರ ಆರಿದ್ದಾಗ ಸರದಿ ತಪ್ಪಿದ್ದರೆ, ಬಂದ ಕೂಡಲೇ ಓಡಿಸುತ್ತದೆ. ರಾತ್ರಿ ಬ್ಯಾಕಪ್, ಶುಕ್ರವಾರದ ಬಟವಾಡೆ ಪಟ್ಟಿ, ತಿಂಗಳ ಕೊನೆಯ ಲೆಕ್ಕ, ಮೂರೂ ಈಗ ಇದರಲ್ಲೇ ಇವೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಸೋಮವಾರ, ಮಂಗಳವಾರ, ಬುಧವಾರ ಮೂರು ರಾತ್ರಿ ಕರೆಂಟಿಲ್ಲದೆ ಗುರುವಾರ ಬೆಳಿಗ್ಗೆ ಯಂತ್ರ ಬಂತು ಅನ್ನಿ. ಟೈಮರ್ ಓಡಿಸುವುದು ಒಂದೇ ಸಲ, ಅದೂ ಗುರುವಾರದ ತಾರೀಖಿನಲ್ಲಿ. ಸ್ಕ್ರಿಪ್ಟಿನಲ್ಲಿ 'ಇವತ್ತಿನ ತೂಕದ ವರದಿ ಮಾಡು' ಎಂದು ಬರೆದಿದ್ದರೆ ಗುರುವಾರದ ಖಾಲಿ ವರದಿ ಬರುತ್ತದೆ. ರೈಟರು ಪುಸ್ತಕದಿಂದ ಆಮೇಲೆ ಹತ್ತಿಸಿದ ಮೂರು ದಿನದ ಕೊಯ್ಲು ಹಾಗೇ ಉಳಿಯುತ್ತದೆ. ಅದಕ್ಕೆ ನಮ್ಮ ಸ್ಕ್ರಿಪ್ಟು ಇವತ್ತು ಯಾವ ದಿನ ಎಂದು ಕೇಳುವುದೇ ಇಲ್ಲ. ಕೊನೆಯ ವರದಿಯ ತಾರೀಖು ನೋಡಿ, ಅಲ್ಲಿಂದೀಚೆಗೆ ತೂಕ ಹತ್ತಿಸಿರುವ ಎಲ್ಲ ದಿನಗಳ ವರದಿ ಮಾಡುತ್ತದೆ. ತಪ್ಪಿದ ಸರದಿ ತುಂಬಿಕೊಡುವ ಸಾಧನವಿದ್ದರೆ ಸಾಲದು, ತಡವಾಗಿ ಓಡಿದರೂ ಸರಿಯಾದ ಲೆಕ್ಕ ಕೊಡುವಂತೆ ಕೆಲಸವನ್ನೂ ಬರೆದಿರಬೇಕು. ಆಳುಗಳಿಗೆ ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವ ಜಾಗದಲ್ಲಿ ಒಂದು ದಿನದ ತೂಕ ಬಿಟ್ಟುಹೋದರೆ ಶನಿವಾರ ಬಟವಾಡೆಗೆ ಕೈಯೊಡ್ಡಿ ನಿಂತವರಿಗೆ ಏನೆಂದು ಹೇಳುವುದು?

ಟೈಮರಿನಲ್ಲಿ ಮೊದಲ ಶನಿವಾರ ಎಂದರೆ ಮೊದಲ ಶನಿವಾರವೇ. ವಾರ, ತಾರೀಖು ಎರಡೂ ಹೊಂದಿದರೆ ಮಾತ್ರ ಓಡುತ್ತದೆ. ತಾರೀಖಿನ ಜಾಗದಲ್ಲಿ ~01 ಎಂದರೆ ತಿಂಗಳ ಕೊನೆಯ ದಿನ, ಫೆಬ್ರವರಿಯಲ್ಲೂ ಸರಿಯಾಗಿ. ಹಿಂದಿನ ಸರದಿ ಇನ್ನೂ ಓಡುತ್ತಿದ್ದರೆ ಅದರ ಮೇಲೊಂದು ಶುರುವಾಗುವುದಿಲ್ಲ. ಕ್ರಾನಿನಲ್ಲಿ ಇದಕ್ಕೆ ಎಫ್‌ಲಾಕ್ ಎಂಬುದನ್ನು ನಾವೇ ಸೇರಿಸಬೇಕು. ಟೈಮರುಗಳ ಪಟ್ಟಿ ಕೇಳಿದರೆ ಪ್ರತಿಯೊಂದೂ ಮುಂದೆ ಯಾವಾಗ, ಅದಕ್ಕೆ ಇನ್ನೆಷ್ಟು ಹೊತ್ತು, ಹಿಂದೆ ಯಾವಾಗ ಓಡಿತ್ತು ಎಂದು ಸಾಲಾಗಿ ತೋರಿಸುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಆಫೀಸಿಗೆ ಬಂದು ಮೊದಲು ನೋಡುವುದು ಈ ಪಟ್ಟಿಯನ್ನೇ. ಪಟ್ಟಣದ ಹೊರಗೆ ಬಾಡಿಗೆಗೆ ಪಡೆದ ಸರ್ವರಿನಲ್ಲಿ ನಮ್ಮ ಬ್ಯಾಕಪ್ಪಿನ ಇನ್ನೊಂದು ಪ್ರತಿ ಇದೆ. ಅದರ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಕ್ರಾನ್ ಆಗಿದ್ದರೆ ರಾತ್ರಿ 8:30 ಎನ್ನಲು 15:00 ಎಂದು ಕಳೆದು ಬರೆಯಬೇಕಿತ್ತು. ಟೈಮರಿನಲ್ಲಿ ಹೊತ್ತಿನ ಪಕ್ಕಕ್ಕೆ ಏಷ್ಯಾ/ಕೋಲ್ಕತ್ತಾ ಎಂದು ಸೇರಿಸಿದರೆ ಮುಗಿಯಿತು.

ಒಂದೇ ಸಲದ ಕೆಲಸಕ್ಕೆ ಅಟ್. ನಮ್ಮ ಯಂತ್ರದಲ್ಲಿ ಇದನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಯಿತು. ಹೊತ್ತು ಹೇಳಿ, ಕಮಾಂಡು ಬರೆದು, ಕಂಟ್ರೋಲ್ ಡಿ ಒತ್ತಿದರೆ ಆಯಿತು. ಈಗಿನಿಂದ ಎರಡು ಗಂಟೆಗೆ ಎನ್ನಬಹುದು, ನಾಳೆ ಎನ್ನಬಹುದು, ಟೀಟೈಮ್ ಎಂದರೆ ಸಂಜೆ ನಾಲ್ಕು ಎಂದೂ ಅದಕ್ಕೆ ಗೊತ್ತು. ಕೂತ ಫೋಲ್ಡರು, ಪಾತ್ ಎಲ್ಲವನ್ನೂ ಹಾಗೇ ನೆನಪಿಟ್ಟುಕೊಳ್ಳುವುದರಿಂದ ಕ್ರಾನಿನ ತಕರಾರು ಇಲ್ಲಿಲ್ಲ. ನಾಳೆ ಹತ್ತರಿಂದ ಐದರವರೆಗೆ ಲೈನ್ ಕೆಲಸ, ಕರೆಂಟಿರಲ್ಲ ಎಂದು ತಿಳಿದರೆ, 9:40ಕ್ಕೆ ಬ್ಯಾಕಪ್ ಮಾಡಿ ಯಂತ್ರ ಆರಿಸು ಎಂದು ಅಟ್‌ಗೆ ಹೇಳಿಡುತ್ತೇನೆ.

ಅಟ್ ಕೂಡ ತಪ್ಪಿದ ಕೆಲಸವನ್ನು ಬಿಡುವುದಿಲ್ಲ, ಯಂತ್ರ ಬಂದ ಮೇಲೆ ಮಾಡಿಯೇ ತೀರುತ್ತದೆ. ಈ ಒಳ್ಳೆಯ ಗುಣವೇ ಇಲ್ಲಿ ಎಚ್ಚರ ಬೇಡುತ್ತದೆ. ಹೇಳಿದ್ದಕ್ಕಿಂತ ಮೊದಲೇ ಒಂಬತ್ತಕ್ಕೆ ಕರೆಂಟು ತೆಗೆದರೆ 9:40ರ ಆರಿಸುವ ಕೆಲಸ ಬಾಕಿ ಉಳಿಯುತ್ತದೆ. ಸಂಜೆ ಯಂತ್ರ ಹಾಕಿದ ತಕ್ಷಣ ಅಟ್ ಅದನ್ನು ಎತ್ತಿಕೊಂಡು ಮತ್ತೆ ಆರಿಸುತ್ತದೆ. ಆದ್ದರಿಂದ ಆರಿಸುವ ಕಮಾಂಡಿನ ಮುಂದೆ ಈಗ ಬೆಳಿಗ್ಗೆ ಹತ್ತರೊಳಗೆ ಇದೆಯೇ ಎಂಬ ಪರೀಕ್ಷೆ ಕಡ್ಡಾಯ.

ನಮ್ಮ ಆಫೀಸಿನ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ. ಅದರ ಟಾಸ್ಕ್ ಶೆಡ್ಯೂಲರ್ ಕೂಡ ಸಮರ್ಥವಾದದ್ದೇ, ಹೊತ್ತು ತಪ್ಪಿದ ಕೆಲಸವನ್ನು ಆದಷ್ಟು ಬೇಗ ಓಡಿಸುವ ಆಯ್ಕೆ ಅದರಲ್ಲೂ ಉಂಟು. ಆದರೆ ಹೊಸ ಕೆಲಸ ಸೇರಿಸುವಾಗ ಆ ಗುರುತು ಹಾಕಿರುವುದಿಲ್ಲ, ಚಾರ್ಜರ್ ಸಿಕ್ಕಿಸಿದ್ದರೆ ಮಾತ್ರ ಓಡಿಸು ಎಂಬ ಗುರುತು ಹಾಕಿರುತ್ತದೆ. ಕರೆಂಟು ಹೋಗುವ ಊರಿನವರು ಎರಡನ್ನೂ ತಿರುಗಿಸಿಕೊಳ್ಳಬೇಕು.

ಮಲೆನಾಡಿನ ಹಳೇ ಯಂತ್ರಗಳ ಬಗ್ಗೆ ಇನ್ನೊಂದು ಮಾತು. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ ಇರುತ್ತದೆ, ಕರೆಂಟಿಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತಿದ್ದರೆ ಯಂತ್ರ ಎದ್ದಾಗ ಯಾವುದೋ ಹಳೇ ತಾರೀಖಿನಲ್ಲಿ ಏಳುತ್ತದೆ, ಇಂಟರ್ನೆಟ್ ಸಿಕ್ಕ ಮೇಲೆ ಒಮ್ಮೆಲೇ ಇಂದಿಗೆ ಜಿಗಿಯುತ್ತದೆ. ಮೂರು ಗಂಟೆಗಿಂತ ದೊಡ್ಡ ಜಿಗಿತವನ್ನು ಕ್ರಾನ್ ಗಡಿಯಾರದ ತಿದ್ದುಪಡಿ ಎಂದು ಎಣಿಸಿ ನಡುವಿನ ಕೆಲಸಗಳನ್ನು ಬಿಡುತ್ತದೆ. ಟೈಮರಿಗೆ, ಗಡಿಯಾರ ಸರಿಯಾಗುವ ತನಕ ಕಾಯಿಸುವ ಸಿಸ್ಟಮ್‌ಡಿ ಟೈಮ್ ವೇಟ್ ಸಿಂಕ್ ಎಂಬ ಸೇವೆಯನ್ನು ಚಾಲೂ ಮಾಡಿಡಬಹುದು, ನಾವು ಮಾಡಿದ್ದೇವೆ. ಬ್ಯಾಟರಿಯನ್ನು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ನೋಡಿ ಬದಲಿಸುತ್ತೇವೆ. ಬದಲಿಸಿದ ತಾರೀಖನ್ನು ಕ್ಯಾಬಿನೆಟ್ಟಿನ ಒಳಬದಿಗೆ ಚೀಟಿ ಅಂಟಿಸಿ ಬರೆದಿಡುತ್ತೇವೆ.