ಸ್ಟೀಲ್‌ಹೆಡ್‌ಗೆ ಮಾರಬೂ ಜಿಗ್: ಹಲವು ಚಳಿಗಾಲ ಬಳಸಿದ ಮೇಲೆ, ಯಾವ ನೀರಿಗೆ ಯಾವ ಬಣ್ಣ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಸುತ್ತಮುತ್ತ ಸ್ಟೀಲ್‌ಹೆಡ್ ಮೀನು ಹಿಡಿಯಲು ಹಲವು ಚಳಿಗಾಲಗಳಿಂದ ಮಾರಬೂ ಜಿಗ್‌ಗಳನ್ನೇ, ಅಂದರೆ ಗರಿ ಸುತ್ತಿದ ಗಾಳಗಳನ್ನೇ ಬಳಸುತ್ತಿದ್ದೇನೆ. ಜಾಸ್ತಿ ಸಲ ಸ್ಯಾಂಡಿ ಮತ್ತು ಕ್ಲಾಕಮಸ್ ನದಿಗಳಲ್ಲಿ, ಆಗಾಗ ಕರಾವಳಿ ಕಡೆಯ ವಿಲ್ಸನ್ ಮತ್ತು ಕಿಲ್ಚಿಸ್‌ನಲ್ಲಿ. ಈ ಊರಿಗೆ ಬಂದ ಕನ್ನಡಿಗರಲ್ಲಿ ಗಾಳದ ಹುಚ್ಚು ಇರುವವರು ಆಗಾಗ ಕೇಳುವುದು ಒಂದೇ ಪ್ರಶ್ನೆ: ಅಂಗಡಿ ಗೋಡೆ ತುಂಬಾ ಇಷ್ಟೊಂದು ಬಣ್ಣ ನೇತುಹಾಕಿದ್ದಾರೆ, ಯಾವುದನ್ನು ತಗೊಳ್ಳೋದು?

ನನ್ನ ಉತ್ತರ ಇಷ್ಟು. ನಾಲ್ಕು ಬಣ್ಣ ಸಾಕು. ಗುಲಾಬಿ-ಬಿಳಿ, ಪೀಚ್, ಕಪ್ಪು-ಕೆಂಪು-ಬಿಳಿ, ಮತ್ತು ಕಡು ಸೆರೀಸ್ (ಚೆರ್ರಿ ಹಣ್ಣಿನಂಥ ಗುಲಾಬಿ-ಕೆಂಪು) ಜೊತೆ ನೇರಳೆ. ಆದರೆ ಪ್ರತಿ ಬಣ್ಣದಲ್ಲೂ ಎರಡು ಮೂರು ಗಾತ್ರ ಇರಲೇಬೇಕು. ಹನ್ನೆರಡು ಬಣ್ಣದಲ್ಲಿ ಒಂದೊಂದು ಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟೀಲ್‌ಹೆಡ್ ಎಂದರೆ ರೇನ್‌ಬೋ ಟ್ರೌಟ್ ಜಾತಿಯದೇ ಮೀನು. ನದಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ಮತ್ತೆ ನದಿಗೆ ಬರುತ್ತದೆ. ಇಲ್ಲಿ ಚಳಿಗಾಲದ ಮೀನು ಸುಮಾರು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸಿಗುತ್ತದೆ. ಜಿಗ್ ಎಂದರೆ ಬಣ್ಣ ಬಳಿದ ಸೀಸದ ಗುಂಡು, ಅದರಲ್ಲಿ ಕೂರಿಸಿದ ಕೊಕ್ಕೆ, ಕೊಕ್ಕೆಗೆ ಸುತ್ತಿದ ಟರ್ಕಿ ಕೋಳಿಯ ಮೆತ್ತನೆಯ ಗರಿ. ಆ ಗರಿಯೇ ಮಾರಬೂ. ಮೇಲೆ ಬೆಂಡು ತೇಲುತ್ತದೆ, ಅದರ ಕೆಳಗೆ ಜಿಗ್ ನೇತಾಡುತ್ತಾ ಹರಿವಿನ ಜೊತೆ ಹೋಗುತ್ತದೆ. ನಾವು ಎಳೆಯದಿದ್ದರೂ ಗರಿ ತಾನಾಗಿಯೇ ಅಲುಗಾಡುತ್ತಿರುತ್ತದೆ. ಮಾರಬೂ ಮೇಲೆ ನನಗೆ ಇಷ್ಟೊಂದು ಪ್ರೀತಿ ಬರಲು ಅದೇ ಕಾರಣ.

ಈಗ ನೀರಿನ ವಿಷಯಕ್ಕೆ ಬರೋಣ. ಮನೆ ಬಿಡುವ ಮೊದಲು ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ನದಿ ಮಾಪಕ ನೋಡುತ್ತೇನೆ. ಎಷ್ಟು ಕ್ಯೂಸೆಕ್ ಹರಿಯುತ್ತಿದೆ, ಮಟ್ಟ ಎಷ್ಟಿದೆ ಎಂದು ಅದರಲ್ಲಿ ಹೊತ್ತುಹೊತ್ತಿಗೆ ಬರುತ್ತಿರುತ್ತದೆ. ಕಾವೇರಿ ಸುದ್ದಿ ಓದಿ ಬೆಳೆದ ನಮಗೆ ಕ್ಯೂಸೆಕ್ ಹೊಸದೇನಲ್ಲ ಅಲ್ವಾ. ಅಂಕಿಗಿಂತ ನಾನು ನೋಡುವುದು ಗೆರೆ ಯಾವ ಕಡೆ ಹೋಗುತ್ತಿದೆ ಎಂದು. ಏರುತ್ತಿದ್ದರೆ ನೀರು ಕದಡುತ್ತದೆ, ಕಸ ಕಡ್ಡಿ ತೇಲಿ ಬರುತ್ತದೆ. ಮಳೆ ನಿಂತು ಗೆರೆ ಇಳಿಯಲು ಶುರುವಾದರೆ ನೀರು ದಿನದಿಂದ ದಿನಕ್ಕೆ ತಿಳಿಯಾಗುತ್ತಾ ಬರುತ್ತದೆ. ಆ ಇಳಿಯುವ ದಿನಗಳಲ್ಲೇ ಬಣ್ಣದ ಆಯ್ಕೆ ಬದಲಾಗುತ್ತಾ ಹೋಗುವುದು.

ಎಲ್ಲರೂ ಕಾಯುವುದು ಹಸಿರು ನೀರಿಗೆ. ಪಚ್ಚೆಯಂಥ ಹಸಿರು, ಮೂರರಿಂದ ಐದು ಅಡಿ ಆಳ ಕಾಣುವಷ್ಟು ತಿಳಿ. ಈ ನೀರಿಗೆ ಗುಲಾಬಿ-ಬಿಳಿ ಜಿಗ್‌ಗಿಂತ ಉತ್ತಮವಾದುದು ನನಗೆ ಸಿಕ್ಕಿಲ್ಲ. ಹಸಿರಿನ ಎದುರು ಗುಲಾಬಿ ಎದ್ದು ಕಾಣುತ್ತದೆ, ಆದರೆ ಹೆದರಿಸುವಷ್ಟು ಜೋರಾಗಿರುವುದಿಲ್ಲ. ಸಾಲ್ಮನ್ ಮೊಟ್ಟೆ ಇಡುವ ಕಡೆ ಕೆಳಗೆ ತೇಲಿ ಬರುವ ಮೊಟ್ಟೆಗಳನ್ನು ಸ್ಟೀಲ್‌ಹೆಡ್ ತಿನ್ನುತ್ತದೆ, ಅವೂ ಗುಲಾಬಿ ಕಿತ್ತಳೆ ಬಣ್ಣದವೇ. ಸಿಗಡಿಯ ಬಣ್ಣವೂ ಅದೇ ಸಾಲಿನದು. ಇಂಥ ದಿನ 1/8 ಔನ್ಸ್ ಜಿಗ್ ಕಟ್ಟಿ, ಅದು ತಳದಿಂದ ಒಂದು ಅಡಿ ಮೇಲೆ ಬರುವಂತೆ ಬೆಂಡನ್ನು ಹೊಂದಿಸುತ್ತೇನೆ. ಸ್ಟೀಲ್‌ಹೆಡ್ ತಿನ್ನಲು ಸ್ವಲ್ಪ ಮೇಲಕ್ಕೆ ಏಳುತ್ತದೆ. ತನಗಿಂತ ಕೆಳಗೆ ಹೋಗುವುದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಆಳ ತಪ್ಪಿದ್ದರೆ ಬಣ್ಣ ಬದಲಿಸಿ ಏನೂ ಪ್ರಯೋಜನ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಮಳೆ ಬರದೆ ವಾರಗಟ್ಟಲೆ ಕಳೆದರೆ ನದಿ ಇಳಿದು ಗಾಜಿನಂತಾಗುತ್ತದೆ. ಆಗ ಗುಲಾಬಿ ಪೆಟ್ಟಿಗೆಯಲ್ಲೇ ಇರಲಿ. ಮೀನಿಗೆ ದೂರದಿಂದಲೇ ಎಲ್ಲ ಕಾಣುತ್ತದೆ, ನಾವೂ ಕಾಣುತ್ತೇವೆ. ಮೊದಲು ಗಾತ್ರ ಇಳಿಸಬೇಕು: 1/16, ಬೇಕಾದರೆ 1/32 ಔನ್ಸ್. ಗರಿ ಕಡಿಮೆ ಇರುವ ತೆಳು ಜಿಗ್ ಬೇಕು. ಬಣ್ಣ ಪೀಚ್, ಇಲ್ಲದಿದ್ದರೆ ಕಪ್ಪು ಹೆಚ್ಚಿರುವ ಜಿಗ್. ಜಿಗ್ ಕಟ್ಟುವ ಕೊನೆಯ ದಾರವನ್ನೂ ಎಂಟು ಪೌಂಡ್ ಎಳೆತ ತಡೆಯುವ, ನೀರಿನಲ್ಲಿ ಅಷ್ಟಾಗಿ ಕಾಣದ ಫ್ಲೂರೋಕಾರ್ಬನ್‌ಗೆ ಇಳಿಸುತ್ತೇನೆ. ಹಿಡಿದ ಮೀನನ್ನು ಆಡಿಸುವಾಗ ಎದೆ ಹೊಡೆದುಕೊಳ್ಳುತ್ತದೆ ನಿಜ, ಆದರೆ ದಪ್ಪ ದಾರಕ್ಕೆ ಮೀನೇ ಬರದಿದ್ದರೆ ಏನು ಮಾಡೋದು?

ತಿಳಿ ನೀರಿನಲ್ಲಿ ಕಪ್ಪು ಯಾಕೆ ಎಂದು ಹಲವರು ಕೇಳುತ್ತಾರೆ. ಮೀನು ಕೆಳಗೆ, ಜಿಗ್ ಮೇಲೆ. ಮೀನು ಮೇಲೆ ನೋಡಿದಾಗ ಜಿಗ್‌ನ ಹಿಂದೆ ಇರುವುದು ಬೆಳಕಿನ ಆಕಾಶ. ಅಂಥ ಕಡೆ ಬಣ್ಣಕ್ಕಿಂತ ಆಕಾರ ಮುಖ್ಯ, ಕಪ್ಪಿನ ಆಕಾರ ಅಚ್ಚುಕಟ್ಟಾಗಿ ಕಾಣುತ್ತದೆ. ಬೆಳಗಿನ ಜಾವದ ಮಬ್ಬಿನಲ್ಲೂ ಇದೇ ಕಾರಣಕ್ಕೆ ನಾನು ಕಪ್ಪು ಅಥವಾ ನೇರಳೆಯಿಂದಲೇ ಶುರು ಮಾಡುತ್ತೇನೆ. ಬಿಸಿಲು ನೀರಿಗೆ ಬಿದ್ದ ಮೇಲೆ ಬದಲಿಸುತ್ತೇನೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ನೀರಿನಲ್ಲಿ ಕೆಂಪು ಮೊದಲು ಮಾಯವಾಗುತ್ತದೆ, ನೀಲಿ ಕೊನೆಗೆ, ಅದಕ್ಕೇ ನೀಲಿ ಕಟ್ಟಿ ಎನ್ನುತ್ತಾರೆ. ಸಮುದ್ರದ ಆಳಕ್ಕೆ ಅದು ನಿಜ. ನಾವು ಗಾಳ ಹಾಕುವುದು ನಾಲ್ಕರಿಂದ ಎಂಟು ಅಡಿ ನೀರಿನಲ್ಲಿ. ತಿಳಿ ನದಿಯ ಅಷ್ಟು ಆಳದಲ್ಲಿ ಕೆಂಪು ಕೆಂಪಾಗಿಯೇ ಇರುತ್ತದೆ. ಇನ್ನು ಕಾಡಿನ ಎಲೆ, ತೊಗಟೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಲೆಕ್ಕವೇ ತಿರುಗುಮುರುಗು. ಅಲ್ಲಿ ಮೊದಲು ಸಾಯುವುದು ನೀಲಿ ಬೆಳಕು. ಕಿತ್ತಳೆ, ಕೆಂಪು ಹೆಚ್ಚು ದೂರ ಉಳಿಯುತ್ತವೆ. ಸಣ್ಣ ಕರಾವಳಿ ಹೊಳೆಗಳಲ್ಲಿ ಈ ಬಣ್ಣದ ನೀರು ಸಿಕ್ಕಾಗ ಸೆರೀಸ್, ಕಿತ್ತಳೆ ನನಗೆ ಚೆನ್ನಾಗಿ ಕೆಲಸ ಮಾಡಿವೆ, ನೀಲಿ ಯಾವತ್ತೂ ಮಾಡಿಲ್ಲ.

ಕದಡಿದ ನೀರಿನ ಪಾಠ ಕಲಿಯಲು ಸ್ಯಾಂಡಿಯಂಥ ನದಿ ಬೇರೆ ಇಲ್ಲ. ಇದು ಹುಟ್ಟುವುದು ಮೌಂಟ್ ಹುಡ್ ಬೆಟ್ಟದ ರೀಡ್ ಹಿಮನದಿಯಲ್ಲಿ. ಹಿಮನದಿಯು ಬಂಡೆಯನ್ನು ಅರೆದು ಮಾಡಿದ ನುಣುಪಾದ ಪುಡಿ ನೀರಿನಲ್ಲಿ ಬೆರೆತು ಬರುತ್ತದೆ. 1805ರಲ್ಲಿ ಈ ದಾರಿಯಲ್ಲಿ ಬಂದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಇದನ್ನು ಹುಗಿಯುವ ಮರಳಿನ ನದಿ ಎಂದೇ ಕರೆದರು. ಬೆಟ್ಟದಲ್ಲಿ ಚಳಿ ಹೆಚ್ಚಿದ್ದು ಹಿಮ ಕರಗದೆ ಇದ್ದರೆ ನೀರು ಚೆನ್ನಾಗಿರುತ್ತದೆ. ಹವಾಯಿ ಕಡೆಯಿಂದ ಬೆಚ್ಚನೆಯ ಮಳೆ, ಅಂದರೆ ಪೈನಾಪಲ್ ಎಕ್ಸ್‌ಪ್ರೆಸ್ ಬಂತೆಂದರೆ ಮುಗಿಯಿತು. ಮಳೆಯೂ ಕರಗಿದ ಹಿಮವೂ ಸೇರಿ ನದಿ ಬೂದು ಬಣ್ಣದಲ್ಲಿ ಉಕ್ಕುತ್ತದೆ.

ನಾನು ಎಲ್ಲರಿಗೂ ಹೇಳುವ ಜಾಗ ಡಾಜ್ ಪಾರ್ಕ್. ಅಲ್ಲಿ ಬುಲ್ ರನ್ ನದಿ ಬಂದು ಸ್ಯಾಂಡಿಗೆ ಸೇರುತ್ತದೆ. ಪೋರ್ಟ್‌ಲೆಂಡ್‌ನ ಕುಡಿಯುವ ನೀರು ಬರುವುದು ಬುಲ್ ರನ್ ಕಾಡಿನಿಂದ. ಸ್ಯಾಂಡಿ ಮಬ್ಬಾಗಿದ್ದ ಎಷ್ಟೋ ದಿನ ಎರಡು ನೀರೂ ಪಕ್ಕಪಕ್ಕ ಹರಿಯುವುದು ದಡದಿಂದಲೇ ಕಾಣುತ್ತದೆ. ಬಣ್ಣ ಪರೀಕ್ಷಿಸಲು ಇದಕ್ಕಿಂತ ಒಳ್ಳೆ ಜಾಗ ಬೇಕೇ? ಒಂದೇ ಜಿಗ್ ಅನ್ನು ದಡದ ಹತ್ತಿರ ಎರಡೂ ನೀರಿಗೆ ಇಳಿಸಿ ನೋಡಿ. ತಿಳಿ ಕಡೆ ಪೀಚ್ ಸ್ಪಷ್ಟವಾಗಿ ಕಾಣುತ್ತದೆ, ಮಬ್ಬು ಕಡೆ ಒಂದೆರಡು ಅಡಿಗೇ ಕಣ್ಮರೆ. ಕಪ್ಪು-ಕೆಂಪು-ಬಿಳಿ ಮಾತ್ರ ಎರಡರಲ್ಲೂ ಇನ್ನೂ ಸ್ವಲ್ಪ ಆಳದವರೆಗೆ ಕಾಣುತ್ತದೆ. ಈ ಮೂರು ಬಣ್ಣದ ಜೋಡಣೆಯನ್ನು ಇಲ್ಲಿನವರು ನೈಟ್‌ಮೇರ್ ಎನ್ನುತ್ತಾರೆ. ಕಪ್ಪಿನ ಪಕ್ಕ ಬಿಳಿ ಇರುವುದರಿಂದ ಬೆಳಕು ಹೇಗೇ ಇರಲಿ, ಎರಡರಲ್ಲಿ ಒಂದು ಎದ್ದು ಕಾಣುತ್ತದೆ. ಒಂದೇ ಒಂದು ಜಿಗ್ ತಗೊಂಡು ಹೋಗು ಎಂದರೆ ನಾನು ತಗೊಳ್ಳುವುದು ಇದನ್ನೇ.

ಎರಡು ಅಡಿ ಕೂಡ ಕಾಣದ ನೀರಿನಲ್ಲಿ 1/4 ಔನ್ಸ್‌ನ ದಪ್ಪ ಜಿಗ್, ತುಂಬಾ ಗರಿ, ಕಡು ಸೆರೀಸ್ ಜೊತೆ ನೇರಳೆ. ಕೊಕ್ಕೆ ತುದಿಗೆ ಸಿಗಡಿಯ ಸಣ್ಣ ತುಂಡು ಚುಚ್ಚಿದರೆ ವಾಸನೆಯೂ ಸೇರುತ್ತದೆ. ಕೆಲವು ನದಿಗಳಲ್ಲಿ ಎರೆ ಬಳಸುವಂತಿಲ್ಲ, ಆ ವರ್ಷದ ನಿಯಮ ನೋಡಿಕೊಂಡು ಹೋಗಿ. ಇಂಥ ದಿನ ಮೀನು ನಡು ಹರಿವು ಬಿಟ್ಟು ದಡಕ್ಕೆ ಹತ್ತಿರ ಬಂದಿರುತ್ತದೆ, ದೂರ ಎಸೆಯಬೇಕಾಗಿಲ್ಲ. ಪೂರ್ತಿ ಕೆಸರಾಗಿದ್ದರೆ ಸುಮ್ನೆ ಬೇರೆ ನದಿಗೆ ಹೋಗಿ. ಕರಾವಳಿ ಕಡೆ ಕಿಲ್ಚಿಸ್ ಬೇಗ ತಿಳಿಯಾಗುತ್ತದೆ, ನೆಹೇಲಮ್ ತುಂಬಾ ನಿಧಾನ. ಇದು ಗೊತ್ತಿದ್ದರೆ ಒಂದು ರಜಾದಿನ ಉಳಿಯುತ್ತದೆ.

ಹೊಳೆಯುವ ಫ್ಲೋರೆಸೆಂಟ್ ತಲೆಯ ಜಿಗ್‌ಗಳ ಬಗ್ಗೆ: ಮೋಡದ ದಿನ, ಮಬ್ಬು ನೀರಿನಲ್ಲಿ ದುಡ್ಡಿಗೆ ಮೋಸವಿಲ್ಲ. ಬಿಸಿಲಿನ ತಿಳಿ ನೀರಿಗೆ ಬೇಡ.

ಇನ್ನು ಬಾಳಿಕೆ. ಮೀನು ಹಿಡಿಯುವುದರಲ್ಲಿ ಇವುಗಳಿಗೆ ಪೂರ್ತಿ ಅಂಕ ಕೊಡುತ್ತೇನೆ, ಬಾಳಿಕೆಯಲ್ಲಿ ಕೊಡಲಾರೆ. ಅಗ್ಗದ ಒಂದು ಪ್ಯಾಕೆಟ್‌ನಲ್ಲಿ ಬಂದ ಕೆಂಪು ಗರಿಯ ಬಣ್ಣ ಒದ್ದೆ ಪೆಟ್ಟಿಗೆಯಲ್ಲಿ ಬಿಟ್ಟುಕೊಂಡು ಪಕ್ಕದ ಬಿಳಿ ಜಿಗ್‌ಗಳೆಲ್ಲ ಕೊಳಕು ಗುಲಾಬಿಯಾದವು. ಪೀಚ್ ಜಿಗ್‌ಗಳಿಗೂ ತಗುಲಿ ಬೇಸರವಾಯಿತು. ಅಂದಿನಿಂದ ಕಡು ಬಣ್ಣಕ್ಕೆ ಬೇರೆ ಪೆಟ್ಟಿಗೆ, ಮನೆಗೆ ಬಂದ ತಕ್ಷಣ ಎಲ್ಲವನ್ನೂ ಹೊರಗೆ ತೆಗೆದು ಒಣಗಿಸುವುದು. ತಲೆಯ ಬಣ್ಣ ಕಲ್ಲಿಗೆ ತಾಗಿ ಏಳುತ್ತದೆ. ತಿಳಿ ನೀರಿನಲ್ಲಿ ಅದೇನೂ ತೊಂದರೆಯಲ್ಲ, ಮಬ್ಬು ನೀರಿನಲ್ಲಿ ಹೊಳಪು ತಲೆಯೇ ಅರ್ಧ ಕೆಲಸ ಮಾಡುವುದರಿಂದ ಅಂಥದ್ದನ್ನು ಬದಲಿಸುತ್ತೇನೆ. ಗರಿ ಒಂದೆರಡು ಮೀನಿಗೇ ತೆಳುವಾಗುತ್ತದೆ. ಅವನ್ನು ಎಸೆಯಬೇಡಿ, ತಿಳಿ ನೀರಿಗೆ ಬೇಕಾಗುವುದು ಅಂಥ ತೆಳು ಜಿಗ್‌ಗಳೇ.

ಒಂದು ಜಿಗ್‌ಗೆ ಮೂರರಿಂದ ಐದು ಡಾಲರ್ ಆಗುತ್ತದೆ. ತಳದ ಮರದ ಬೊಡ್ಡೆಗೆ ಸಿಕ್ಕಿಕೊಂಡರೆ ಹೋಯಿತು. ಆದರೂ ಕೊಕ್ಕೆಯ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಮೊಂಡು ಕೊಕ್ಕೆ ಗಟ್ಟಿ ಬಾಯಿಗೆ ನೆಡುವುದಿಲ್ಲ. ನಾನು ಕೊಕ್ಕೆ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಯೇ ಬಳಸುತ್ತೇನೆ. ಸ್ಯಾಂಡಿ, ಕ್ಲಾಕಮಸ್ ಸೇರಿದ ಕೆಳ ಕೊಲಂಬಿಯಾ ನದಿ ಪ್ರದೇಶದ ಕಾಡು ಸ್ಟೀಲ್‌ಹೆಡ್ 1998ರಿಂದ ಅಳಿವಿನಂಚಿನ ಜೀವಿಗಳ ಕಾಯ್ದೆಯ ರಕ್ಷಣೆಯಲ್ಲಿದೆ. ಬಾಲದ ಹತ್ತಿರ ಬೆನ್ನಿನ ಮೇಲಿನ ಚಿಕ್ಕ ರೆಕ್ಕೆ ಹಾಗೇ ಇದ್ದರೆ ಅದು ಕಾಡು ಮೀನು, ನೀರಿನಿಂದ ಮೇಲೆತ್ತದೆ ಬಿಡಬೇಕು. ಆ ರೆಕ್ಕೆ ಕತ್ತರಿಸಿ ಗಾಯ ಮಾಗಿದ್ದರೆ ಹ್ಯಾಚರಿಯಲ್ಲಿ ಮರಿ ಮಾಡಿ ಬಿಟ್ಟ ಮೀನು, ಅಡುಗೆ ಮನೆಗೆ ತರಬಹುದು. ಜಿಗ್ ಸಾಮಾನ್ಯವಾಗಿ ಬಾಯಿಯ ಮೇಲ್ಭಾಗದಲ್ಲೇ ಸಿಕ್ಕಿಕೊಳ್ಳುತ್ತದೆ, ಮುಳ್ಳಿಲ್ಲದಿದ್ದರೆ ಒಂದು ತಿರುವಿಗೆ ಬಿಟ್ಟುಕೊಳ್ಳುತ್ತದೆ. ಈ ಒಂದು ಕಾರಣಕ್ಕೇ ಬೇರೆ ವಿಧಾನಗಳಿಗಿಂತ ಜಿಗ್ ನನಗೆ ಇಷ್ಟ.

ಹೊಸದಾಗಿ ಶುರು ಮಾಡುವವರು 1/8 ಔನ್ಸ್‌ನಲ್ಲಿ ನಾಲ್ಕೂ ಬಣ್ಣ ಎರಡೆರಡು ತಗೊಳ್ಳಿ. ಜೊತೆಗೆ 1/16ರಲ್ಲಿ ಪೀಚ್ ಮತ್ತು ನೈಟ್‌ಮೇರ್, 1/4ರಲ್ಲಿ ಸೆರೀಸ್-ನೇರಳೆ. ಕೊಳ್ಳುವಾಗ ದಾರ ಕಟ್ಟುವ ಕಣ್ಣನ್ನು ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಜಿಗ್‌ಗಳಲ್ಲಿ ಬಣ್ಣ ಕಟ್ಟಿಕೊಂಡು ಅದು ಮುಚ್ಚಿರುತ್ತದೆ. ಕೈ ಮರಗಟ್ಟುವ ಚಳಿಯಲ್ಲಿ, ನದಿ ದಡದಲ್ಲಿ ನಿಂತು ಅದನ್ನು ಚುಚ್ಚಿ ತೆಗೆಯುವುದಕ್ಕಿಂತ ಹಿಂದಿನ ರಾತ್ರಿಯೇ ಸೂಜಿ ಹಾಕಿ ಬಿಡಿಸಿಟ್ಟುಕೊಳ್ಳಿ.