ಗೈಡಿನ ಕೋಡ್: ಅಂಟಿಸುವುದಾ, ಎಳೆದು ತರುವುದಾ?

ಜಾವಾದಲ್ಲಿ ವೆಬ್ ಆಪ್ ಕಟ್ಟಲಿಕ್ಕೆ ಬಳಸುವ ಸ್ಪ್ರಿಂಗ್ ಬೂಟ್ ಮೇಲೆ ನಾವೇ ಕಟ್ಟಿಕೊಂಡ ಸಣ್ಣ ಫ್ರೇಮ್‌ವರ್ಕ್ ಒಂದು ನಮ್ಮ ಮಂಗಳೂರು ಆಫೀಸಿನಲ್ಲಿ ಉಂಟು. ಉಡುಪಿಯಿಂದ ದಿನಾ ಬಸ್ಸಲ್ಲಿ ಬರುವ ಹೊಸ ಹುಡುಗ ಅದರ ಗೈಡಿನಿಂದ ಕೋಡ್ ಕಾಪಿ ಮಾಡಿದ. "ಎಂಥ ಅಕ್ಕ ಇದು, ಕಂಪೈಲೇ ಆಗುದಿಲ್ಲ!" ನೋಡಿದರೆ ವ್ಯಾಲಿಡೇಷನ್ ಇಂಪೋರ್ಟ್‌ನಲ್ಲಿ ಪ್ಯಾಕೇಜ್ ಹೆಸರು ಇನ್ನೂ ಹಳೆಯ 'ಜಾವಾಎಕ್ಸ್' ಅಂತಲೇ ಇತ್ತು. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3ರಲ್ಲಿ ಅದು 'ಜಕಾರ್ತಾ' ಆಗಿತ್ತು. ಕೋಡ್ ಬದಲಿಸಿದ್ದೆವು, ಗೈಡ್ ಮರೆತಿದ್ದೆವು. ಬರೆದವಳು ನಾನೇ, ಯಾರಿಗೆ ಬೈಯಲಿ?

ಕೈಯಿಂದ ಅಂಟಿಸಿ ಅಂಟಿಸಿ ಸಾಕಾಯಿತು ಅಂತ ಬೇರೆ ದಾರಿಗಳನ್ನು ನೋಡಿದೆ.

ಮೊದಲು ಆಸ್ಕಿಡಾಕ್ಟರ್‌ನ (ಸಾದಾ ಟೆಕ್ಸ್ಟಿನಿಂದ ಗೈಡ್ ತಯಾರಿಸುವ ಟೂಲ್) ಇನ್‌ಕ್ಲೂಡ್, ಅಂದರೆ ಬೇರೆ ಫೈಲಿನಿಂದ ಎಳೆದು ತರುವ ಸಾಲು. ಉದಾಹರಣೆ ಟೆಸ್ಟ್ ಫೋಲ್ಡರಿನಲ್ಲಿ ನಿಜವಾದ ಜಾವಾ ಫೈಲಾಗಿ ಇರುತ್ತದೆ, ಗೈಡ್ ಅದರಿಂದ ಬೇಕಾದ ತುಂಡನ್ನು ಎಳೆದುಕೊಳ್ಳುತ್ತದೆ. ನಾನು ಶುರುವಿಗೆ ಸಾಲಿನ ನಂಬರ್ ಕೊಟ್ಟಿದ್ದೆ. ಯಾರೋ ಮೇಲೆ ಎರಡು ಇಂಪೋರ್ಟ್ ಸೇರಿಸಿದರು, ಗೈಡಿನಲ್ಲಿ ಮೆಥಡ್‌ನ ಕೊನೆಯ ಬ್ರಾಕೆಟ್ಟೇ ಮಾಯ! ಆಮೇಲೆ ತುಂಡಿನ ಶುರು ಮತ್ತು ಕೊನೆಯನ್ನು ಗುರುತಿಸುವ ಟ್ಯಾಗನ್ನು ಕಾಮೆಂಟಿನಲ್ಲಿ ಹಾಕಿದೆ, ಸಾಲು ಎಷ್ಟು ಜಾರಿದರೂ ತೊಂದರೆ ಇಲ್ಲ. ಇನ್ನೊಂದು ಕಿರಿಕಿರಿ: ಮೆಥಡ್ ಒಳಗಿನ ತುಂಡು ಎಂಟು ಸ್ಪೇಸ್ ಬಲಕ್ಕೆ ವಾಲಿ ನಿಲ್ಲುತ್ತದೆ. ಇಂಡೆಂಟ್ ಸೊನ್ನೆ ಅಂತ ಕೊಟ್ಟರೆ ಸರಿ. ಇಂಪೋರ್ಟ್‌ಗಳಿಗೂ ಬೇರೆ ಟ್ಯಾಗ್ ಹಾಕಿ ಜೊತೆಗೇ ತೋರಿಸಿ. ಅದನ್ನು ಬಿಟ್ಟರೆ ಹೊಸಬರು ಯಾವ ಪ್ಯಾಕೇಜ್ ಅಂತ ಅರ್ಧ ಗಂಟೆ ಹುಡುಕುತ್ತಾರೆ.

ಎರಡನೆಯದು ಜಾವಾಡಾಕ್ (ಕೋಡಿನ ಕಾಮೆಂಟಿನಿಂದ ವಿವರಣೆ ಪುಟ ಮಾಡುವ ಟೂಲ್). ಅದರ ಸ್ನಿಪೆಟ್ ಟ್ಯಾಗ್ ಜಾವಾದ ಜೆಡಿಕೆ 18ರಲ್ಲಿ ಬಂದದ್ದು, ಉದಾಹರಣೆಯನ್ನು ಬೇರೆ ಫೈಲಿನಲ್ಲಿ ಇಡಬಹುದು. ಕೋಡ್ ಬರೆಯುವ ಐಡಿಇಯಲ್ಲಿ ಕ್ಲಾಸಿನ ಪಕ್ಕದಲ್ಲೇ ಉದಾಹರಣೆ ಕಾಣುವುದು ಖುಷಿ, ಮುಖ್ಯ ಸಾಲನ್ನು ಹೈಲೈಟ್ ಕೂಡ ಮಾಡಬಹುದು. ಆದರೆ ಜಾವಾಡಾಕ್ ಆ ಫೈಲನ್ನು ಸುಮ್ನೆ ತೋರಿಸುತ್ತದೆ ಅಷ್ಟೇ, ಕಂಪೈಲ್ ಮಾಡುವುದಿಲ್ಲ. ಬಿಲ್ಡ್‌ನಲ್ಲಿ ನಾವೇ ಸೇರಿಸಬೇಕು. ಅದನ್ನು ಮರೆತರೆ ಮತ್ತೆ ಅದೇ ಜಾವಾಎಕ್ಸ್ ಕಥೆ ಅಲ್ವಾ?

ಮೂರನೆಯದು ಸ್ಪ್ರಿಂಗ್ ರೆಸ್ಟ್ ಡಾಕ್ಸ್ ಅನ್ನುವ ಟೂಲ್. ಅದು ಟೆಸ್ಟ್ ಓಡಿಸಿಯೇ ಎಪಿಐ ಕರೆಯುವ ಕರ್ಲ್ ಕಮಾಂಡ್, ರಿಕ್ವೆಸ್ಟ್, ರೆಸ್ಪಾನ್ಸ್ ಬರೆದುಕೊಡುತ್ತದೆ. ರೆಸ್ಪಾನ್ಸಿನ ಫೀಲ್ಡ್‌ಗಳನ್ನು ವಿವರಿಸುವಾಗ ಒಂದನ್ನು ಬಿಟ್ಟರೂ ಟೆಸ್ಟ್ ಫೇಲ್. ಎಪಿಐ ಬಳಸುವವರಿಗೆ ಚಿನ್ನ. ರಿಕ್ವೆಸ್ಟಿಗೆ ಉತ್ತರ ಕೊಡುವ ಕಂಟ್ರೋಲರ್ ಹೇಗೆ ಬರೆಯುವುದು ಅಂತ ಕಲಿಸಲಿಕ್ಕೆ ಮಾತ್ರ ಪ್ರಯೋಜನ ಇಲ್ಲ.

ಗೈಡಿಗೆ ಟ್ಯಾಗ್ ಹಾಕಿದ ಇನ್‌ಕ್ಲೂಡನ್ನೇ ಇಟ್ಟುಕೊಂಡೆ. ಉಳಿದದ್ದು ರೀಡ್‌ಮಿ, ಗಿಟ್‌ಹಬ್‌ನಲ್ಲಿ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಕಾಣುವ ಪರಿಚಯದ ಫೈಲ್. ಗಿಟ್‌ಹಬ್ ಇನ್‌ಕ್ಲೂಡನ್ನು ಬಿಡಿಸಿ ತೋರಿಸುವುದಿಲ್ಲ, ಬರೀ ಲಿಂಕ್ ಕಾಣುತ್ತದೆ. ಹಾಗಾಗಿ ಅಲ್ಲಿರುವ ಹನ್ನೊಂದು ಸಾಲನ್ನು ಈಗಲೂ ಕೈಯಿಂದಲೇ ಅಂಟಿಸುತ್ತೇನೆ. ಪ್ರತಿ ರಿಲೀಸಿಗೆ ಮುಂಚೆ ಆ ಹುಡುಗನೇ ಅದನ್ನು ಕಾಪಿ ಮಾಡಿ ಓಡಿಸಿ ನೋಡುತ್ತಾನೆ.