ದೋಣಿಗೊಂದು ಬಚ್ಚಲು: ಮೂರು ಶವರ್, ಮೂರು ಮೋರಿ

ನಮ್ಮದು 28 ಅಡಿಯ ಹಳೇ ಹಾಯಿದೋಣಿ. ಒಳಗೆ ಇಬ್ಬರು ಮಲಗಬಹುದು, ಒಂದು ಒಲೆಯಿದೆ, 120 ಲೀಟರಿನ ಸಿಹಿನೀರಿನ ಟ್ಯಾಂಕಿದೆ, ನಿಂತರೆ ಎರಡೂ ಮೊಣಕೈ ಗೋಡೆಗೆ ತಾಗುವಂಥ ಶೌಚದ ಕೋಣೆಯಿದೆ. ದೋಣಿ ಕಟ್ಟಿದವರಿಗೆ ಸ್ನಾನದ ನೆನಪೇ ಆಗಿರಲಿಲ್ಲ. ಎರಡು ದಿನದ ಸುತ್ತಾಟಕ್ಕಾದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಹೇಗೋ ಕಳೆಯುತ್ತಿದ್ದೆವು. ವಾರಗಟ್ಟಲೆ ದೋಣಿಯಲ್ಲೇ ಇರತೊಡಗಿದ ಮೇಲೆ ಆ ಆಟ ನಡೆಯಲಿಲ್ಲ. ಉಪ್ಪು ಮೆತ್ತಿದ ಮೈಯಲ್ಲಿ ಮಲಗಿದರೆ ಹಾಸಿಗೆಗೂ ಉಪ್ಪು ಹತ್ತುತ್ತದೆ. ಆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುವುದರಿಂದ ಹಾಸಿಗೆ ಮತ್ತೆ ಒಣಗುವ ಮಾತೇ ಇಲ್ಲ.

ನಾಲ್ಕು ವರ್ಷದಲ್ಲಿ ಮೂರು ಬಗೆಯ ಶವರ್ ಹಾಕಿ ನೋಡಿದೆ. ಬಳಸಿದ ನೀರನ್ನು ಆಚೆ ಕಳಿಸಲು ಮೂರು ದಾರಿ ಹಿಡಿದೆ. ಶವರಿನ ತೀರ್ಮಾನಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ, ಉಳಿದ ಕಾಲವೆಲ್ಲ ಮೋರಿಗೇ ಹೋಯಿತು.

ಮೊದಲು ತಂದದ್ದು ಬಿಸಿಲಿಗೆ ಕಾಯುವ ಕಪ್ಪು ಚೀಲ. 20 ಲೀಟರಿನದು. ತುಂಬಿದರೆ 20 ಕಿಲೋ ತೂಕ, ಅಲುಗಾಡುವ ಡೆಕ್ಕಿನ ಮೇಲೆ ಅದನ್ನು ಎತ್ತಿ ಬೂಮಿಗೆ (ಹಾಯಿಯ ಕೆಳ ಅಂಚನ್ನು ಹಿಡಿಯುವ ಅಡ್ಡಕಂಬಕ್ಕೆ) ಕಟ್ಟುವುದೇ ಒಂದು ಕಸರತ್ತು. ಅರ್ಧ ತುಂಬಿಸುವುದನ್ನು ಬೇಗ ಕಲಿತೆ. ಒಳ್ಳೆ ಬಿಸಿಲಿದ್ದ ಮಧ್ಯಾಹ್ನ ಒಮ್ಮೆ ನೋಡದೆ ತಲೆ ಮೇಲೆ ಬಿಟ್ಟುಕೊಂಡು ನೆತ್ತಿ ಚುರುಗುಟ್ಟಿತು. ಸ್ನಾನ ಬೇಕೆನಿಸುವ ಸಂಜೆ ಹೊತ್ತಿಗೆ ಅದೇ ನೀರು ಉಗುರುಬೆಚ್ಚಗೆ. ಮೋಡದ ದಿನ ಅದೂ ಇಲ್ಲ. ಚೀಲವನ್ನು ಒಂದು ಮೀಟರ್ ಎತ್ತರಕ್ಕೆ ಏರಿಸಿದರೆ ಸಿಗುವ ಒತ್ತಡ 0.1 ಬಾರ್ ಮಾತ್ರ, ಅಂದರೆ ನೀರು ಸೋರುತ್ತದೆ ಅನ್ನಬಹುದು, ಸುರಿಯುತ್ತದೆ ಅನ್ನುವಂತಿಲ್ಲ. ಎರಡನೇ ವರ್ಷ ಅದರ ಅಂಚು ಬಿರಿಯಿತು. ನನಗೇನೂ ಬೇಜಾರಾಗಲಿಲ್ಲ.

ಎರಡನೆಯದು ಗಿಡಗಳಿಗೆ ಔಷಧಿ ಹೊಡೆಯುವ ಕೈಪಂಪು. ನಗಬೇಡಿ. ಹೊಸದೇ ಆಗಿರಬೇಕು, ಔಷಧಿ ಮುಟ್ಟಿರಕೂಡದು, ಅಷ್ಟೇ. ಮೂಲ ನಳಿಕೆ ಮಂಜಿನ ಹಾಗೆ ಉದುರಿಸುತ್ತಿತ್ತು. ಅದನ್ನು ತೆಗೆದು ಅಡುಗೆಮನೆ ಸಿಂಕಿಗೆ ಹಾಕುವ, ಒತ್ತಿದರೆ ಮಾತ್ರ ನೀರು ಬಿಡುವ ಕೈ ಶವರ್ ಸಿಕ್ಕಿಸಿದೆ. ಟ್ಯಾಂಕಿನ 25 ಡಿಗ್ರಿಯ ನೀರು ನಾಲ್ಕು ಲೀಟರ್, ಅದರ ಮೇಲೆ ಒಲೆಯಿಂದ ಇಳಿಸಿದ ಕುದಿನೀರು ಒಂದು ಲೀಟರ್. ಐದು ಲೀಟರ್, ಸುಮಾರು 40 ಡಿಗ್ರಿ, ಮೈಗೆ ಹಿತ. ತಣ್ಣೀರನ್ನೇ ಮೊದಲು ಹಾಕಿ, ಈ ಕ್ಯಾನುಗಳಲ್ಲಿ ಹೆಚ್ಚಿನವು ಬಿಸಿನೀರಿಗೆಂದು ಮಾಡಿದವಲ್ಲ. ಮೂವತ್ತು ಸಲ ಪಂಪು ಒತ್ತಿದರೆ ಸ್ನಾನ ಮುಗಿಯುವವರೆಗೂ ಒತ್ತಡ ಇರುತ್ತದೆ. ಸಮುದ್ರದಲ್ಲೇ ಮುಳುಗೆದ್ದು, ಶಾಂಪೂ ಹಚ್ಚಿ ತಿಕ್ಕಿಕೊಂಡು, ಕೊನೆಗೆ ಇದರಿಂದ ತೊಳೆದುಕೊಂಡರೆ ನನಗೆ ಎರಡು ಲೀಟರ್ ಧಾರಾಳ. ಉದ್ದ ಕೂದಲಿನ ನನ್ನ ಹೆಂಡತಿಗೆ ನಾಲ್ಕು. ಸಾಬೂನು ಮಾತ್ರ ಉಪ್ಪುನೀರಿನಲ್ಲಿ ನೊರೆ ಕೊಡದೆ ಜಿಡ್ಡಾಗಿ ಅಂಟುತ್ತದೆ, ಶಾಂಪೂಗೆ ಆ ತಕರಾರಿಲ್ಲ.

ಮೂರನೆಯದಕ್ಕೆ ಆಸೆಪಟ್ಟದ್ದು ನಾನೇ. 12 ವೋಲ್ಟಿನ ಒತ್ತಡದ ಪಂಪು, ಗೋಡೆಗೆ ಹ್ಯಾಂಡ್ ಶವರ್, ನಲ್ಲಿ ತಿರುಗಿಸಿದರೆ ಮನೆಯ ಹಾಗೆ ನೀರು. ನಿಮಿಷಕ್ಕೆ 11 ಲೀಟರ್ ಎಂದು ಪಂಪಿನ ಮೇಲೆ ಬರೆದಿತ್ತು, ಆಗ ಅದು ಹೊಗಳಿಕೆಯ ಮಾತಿನಂತೆ ಕಂಡಿತ್ತು. ಆ ಲೆಕ್ಕದಲ್ಲಿ ನಮ್ಮ ಇಡೀ ಟ್ಯಾಂಕು 11 ನಿಮಿಷಕ್ಕೆ ಖಾಲಿ! ನೀರು ಕಡಿಮೆ ಬಿಡುವ ತಲೆ ಹಾಕಿ, ಮಧ್ಯೆ ಮಧ್ಯೆ ನಿಲ್ಲಿಸುತ್ತ ಮಿಂದರೂ ಒಬ್ಬರಿಗೆ ಎಂಟು ಹತ್ತು ಲೀಟರ್ ಆಗುತ್ತಿತ್ತು. ಕರೆಂಟಿನ ಚಿಂತೆ ಬೇಕಿಲ್ಲ. ಐದು ಆಂಪಿಯರ್ ಎಳೆದರೂ ಮೂರು ನಿಮಿಷಕ್ಕೆ ಕಾಲು ಆಂಪಿಯರ್ ಅವರ್. ಇನ್ನೊಂದು ಮಾತು: ಎಲ್ಲಾದರೂ ಒಂದು ಜಾಯಿಂಟು ಸಡಿಲವಾದರೆ ನೀವು ನಿದ್ದೆಯಲ್ಲಿರುವಾಗ ಪಂಪು ಟ್ಯಾಂಕಿನ ನೀರನ್ನೆಲ್ಲ ದೋಣಿಯ ತಳಕ್ಕೆ ಸುರಿದಿರುತ್ತದೆ. ರಾತ್ರಿ ಅದರ ಸ್ವಿಚ್ಚು ಆರಿಸಿಯೇ ಮಲಗಬೇಕು.

ಕಾಕ್‌ಪಿಟ್ಟಿನಲ್ಲಿ, ಅಂದರೆ ಚುಕ್ಕಾಣಿ ಹಿಡಿದು ಕೂರುವ ತೆರೆದ ಜಾಗದಲ್ಲಿ, ಮಿಂದರೆ ಮೋರಿಯ ಪ್ರಶ್ನೆಯೇ ಹುಟ್ಟುವುದಿಲ್ಲ, ಅದರ ತೂತುಗಳು ನೀರನ್ನು ತಾವೇ ಸಮುದ್ರಕ್ಕೆ ಬಿಡುತ್ತವೆ. ಆದರೆ ಚಳಿಗಾಳಿ ಇರುತ್ತದೆ, ಪಕ್ಕದಲ್ಲೇ ಲಂಗರು ಹಾಕಿದ ದೋಣಿಗಳಿರುತ್ತವೆ. ಹಾಗಾಗಿ ಒಳಗೊಂದು ಬಚ್ಚಲು ಬೇಕೇ ಬೇಕು ಎಂದಾಯಿತು. ತಲೆನೋವು ಶುರುವಾದದ್ದು ಇಲ್ಲಿಂದ. ಶೌಚದ ಕೋಣೆಯ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿದೆ. ಅಲ್ಲಿಂದ ನೇರ ಪೈಪು ಕೊಟ್ಟರೆ ನಮ್ಮ ನೀರು ಆಚೆ ಹೋಗುವ ಬದಲು ಸಮುದ್ರವೇ ಒಳಗೆ ಬರುತ್ತದೆ.

ಸುಲಭದ ದಾರಿಯೆಂದರೆ ಬಿಲ್ಜಿಗೆ, ಅಂದರೆ ನೆಲದ ಹಲಗೆಗಳ ಅಡಿ ದೋಣಿಯ ತಳದ ಪೊಳ್ಳಿಗೆ, ಬಿಡುವುದು. ಎಷ್ಟೋ ಹಳೇ ದೋಣಿಗಳಲ್ಲಿ ಹಾಗೇ ಇದೆ, ನಾನೂ ಒಂದು ಬೇಸಿಗೆ ಹಾಗೇ ನಡೆಸಿದೆ. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಮೂರನೇ ತಿಂಗಳಿಗೆ ಹಲಗೆ ಎತ್ತಿದರೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ಸಾಬೂನಿನ ಜೊತೆ ಕಲೆತು ಹಾಲಿನಂತಾಗಿ ಪಂಪಿನಿಂದ ನೇರ ಸಮುದ್ರಕ್ಕೆ ಹೋಗುತ್ತಿತ್ತು, ಅದನ್ನು ನೋಡಿ ನಾಚಿಕೆಯಾಯಿತು. ಪ್ಲೈವುಡ್ ಗೋಡೆಗಳ ಬುಡ ಸದಾ ಸಿಹಿನೀರಿನಲ್ಲಿ ನೆನೆದರೆ ಕೊಳೆಯುವುದು ಖಾತ್ರಿ. ಇದೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಬಿಲ್ಜ್ ಒಣಗಿದ್ದರೆ ಅಲ್ಲಿ ಕಂಡ ಒಂದು ಲೋಟ ನೀರೂ ಎಲ್ಲೋ ಸೋರುತ್ತಿದೆ ಎಂಬ ಸುದ್ದಿ ಕೊಡುತ್ತದೆ. ದಿನಾ ಸ್ನಾನದ ನೀರು ನಿಂತಿರುವ ಕಡೆ ಆ ಸುದ್ದಿ ನಿಮಗೆ ತಲುಪುವುದೇ ಇಲ್ಲ. ಇದನ್ನು ಯಾರಿಗೂ ಶಿಫಾರಸು ಮಾಡಲಾರೆ.

ಆಮೇಲೆ ಸಂಪ್ ಡಬ್ಬಿ. ನೆಲದ ಕೆಳಗೊಂದು ಮುಚ್ಚಳವಿರುವ ಪೆಟ್ಟಿಗೆ, ಒಳಗೆ ಮುಳುಗು ಪಂಪು, ಫ್ಲೋಟ್ ಸ್ವಿಚ್ಚು. ನೀರು ಬಂದರೆ ತಾನೇ ಓಡುತ್ತದೆ, ಖಾಲಿಯಾದರೆ ತಾನೇ ನಿಲ್ಲುತ್ತದೆ, ಕಾಗದದ ಮೇಲೆ ಇದಕ್ಕಿಂತ ಚೆಂದ ಯಾವುದೂ ಇಲ್ಲ. ಮೊದಲ ರಾತ್ರಿಯೇ ಗುರ್ ಎಂದು ಓಡಿ ನಿಂತಿತು. ಅರೆಗಳಿಗೆ ಬಿಟ್ಟು ಮತ್ತೆ ಗುರ್. ಹೊರಹೋಗುವ ಪೈಪು 25 ಮಿಲಿಮೀಟರಿನದು, ಮೂರು ಮೀಟರ್ ಉದ್ದ ಮೇಲೇರುತ್ತಿತ್ತು. ಆ ಅಳತೆಯ ಪೈಪು ಮೀಟರಿಗೆ ಅರ್ಧ ಲೀಟರ್ ನೀರು ಹಿಡಿಯುತ್ತದೆ. ಪಂಪು ನಿಂತ ಕೂಡಲೇ ಒಂದೂವರೆ ಲೀಟರ್ ವಾಪಸು ಡಬ್ಬಿಗೆ ಇಳಿದು ಫ್ಲೋಟನ್ನು ಎಬ್ಬಿಸುತ್ತಿತ್ತು. ನಡುವೆ ನಾನ್ ರಿಟರ್ನ್ ವಾಲ್ವು ಹಾಕಿದೆ, ಅದರ ನಾಲಿಗೆಗೆ ಕೂದಲು ಸಿಕ್ಕಿ ಎರಡೇ ವಾರಕ್ಕೆ ಕೈಕೊಟ್ಟಿತು. ಕೊನೆಗೆ 19 ಮಿಲಿಮೀಟರಿನ, ಒಳಮೈ ನುಣುಪಿರುವ ಪೈಪಿಗೆ ಬದಲಾಯಿಸಿದೆ. ವಾಪಸು ಬರುವ ನೀರು ಲೀಟರಿಗಿಂತ ಕಡಿಮೆಯಾಗಿ ಗುರ್‌ಗುರ್ ನಿಂತಿತು. ಸುರುಳಿ ಗೆರೆಗಳಿರುವ ಅಗ್ಗದ ಪೈಪಿಗೆ ಹೋಗಬೇಡಿ, ಗೆರೆಗೆರೆಗೂ ಕೊಳೆ ಕೂರುತ್ತದೆ.

ಕೂದಲಿನ ಕಾಟ ಮಾತ್ರ ನಿಲ್ಲಲಿಲ್ಲ. ಒಂದು ದಿನ ದಡಕ್ಕೆ ಹೋಗಿ ಸಂಜೆ ಬಂದಾಗ ಕಾಲಡಿಯಲ್ಲಿ ಪಂಪು ಒಣದಾಗಿ ಕಿರುಚುತ್ತಿತ್ತು, ಬ್ಯಾಟರಿ ನೆಲಕಚ್ಚಿತ್ತು. ಮುಚ್ಚಳ ತೆಗೆದೆ. ಫ್ಲೋಟಿನ ಕೀಲಿಗೆ ಕೂದಲು ಸುತ್ತಿ, ಅದರ ಮೇಲೆ ಸಾಬೂನಿನ ಗಸಿ ಕಟ್ಟಿ, ನೆನೆದ ಇಲಿಯ ಹಾಗೆ ಬೂದುಬಣ್ಣದ ಮುದ್ದೆಯೊಂದು ಫ್ಲೋಟನ್ನು ಮೇಲಕ್ಕೆ ಎತ್ತಿ ಹಿಡಿದಿತ್ತು. ಎರಡು ವಾರಕ್ಕೊಮ್ಮೆ ಡಬ್ಬಿ ತೊಳೆಯುವ ಶಿಸ್ತಿದ್ದವರಿಗೆ ಇದು ಸರಿಹೋದೀತು. ನನಗೆ ಆ ಶಿಸ್ತಿಲ್ಲ.

ಈಗಿರುವುದು ಡಯಾಫ್ರಮ್ ಪಂಪು, ಒಳಗಿನ ರಬ್ಬರ್ ಪೊರೆ ಹಿಂದೆ ಮುಂದೆ ಆಡಿ ನೀರೆಳೆಯುವಂಥದ್ದು. ಇದನ್ನು ನೀರಿನಲ್ಲಿ ಮುಳುಗಿಸಬೇಕಾಗಿಲ್ಲ. ಎತ್ತರದ ಒಣ ಕಪಾಟಿನಲ್ಲಿ ಕುಳಿತು ಬಚ್ಚಲಿನ ತಟ್ಟೆಯಿಂದ ನೀರನ್ನು ತಾನೇ ಎಳೆದುಕೊಳ್ಳುತ್ತದೆ, ಒಣದಾಗಿ ಓಡಿದರೂ ಸುಡುವುದಿಲ್ಲ, ಸಣ್ಣಪುಟ್ಟ ಕೂದಲನ್ನು ನುಂಗಿ ದಾಟಿಸುತ್ತದೆ. ಫ್ಲೋಟ್ ತೆಗೆದುಹಾಕಿ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಗುಂಡಿಯೊಂದನ್ನು ಗೋಡೆಗೆ ಹಾಕಿದೆ. ಸದ್ದು ಜೋರು, ಬೆಲೆಯೂ ಡಬ್ಬಿಗಿಂತ ಜಾಸ್ತಿ. ಅದರೊಳಗಿನ ರಬ್ಬರ್ ವಾಲ್ವುಗಳನ್ನು ಒಂದು ಸಲ ಬದಲಾಯಿಸಿದ್ದೇನೆ.

ಇದರಲ್ಲೂ ಎಡವದೆ ಇರಲಿಲ್ಲ. ದೋಣಿಯ ಮೈಗೆ ಇನ್ನೊಂದು ತೂತು ಕೊರೆಯಲು ಮನಸ್ಸಾಗದೆ, ಪಂಪಿನ ನೀರನ್ನು ಕೈತೊಳೆಯುವ ಬೇಸಿನ್ನಿನ ಪೈಪಿಗೇ ಸೇರಿಸಿದೆ. ಗುಂಡಿ ಒತ್ತಿದ ಮರುಕ್ಷಣವೇ ಒಳಗಿನಿಂದ ಕೂಗು: “ರೀ, ನಿಲ್ಲಿಸ್ರೀ! ಬೇಸಿನ್ನಲ್ಲಿ ನಿಮ್ಮ ಸ್ನಾನದ ನೀರು ಮೇಲೆ ಬರ್ತಿದೆ!” ಪಂಪು ತಳ್ಳಿದ ನೀರು ಹತ್ತಿರದ ದಾರಿ ಹಿಡಿದು ಬೇಸಿನ್ನಿಗೆ ಹತ್ತಿತ್ತು. ಕಡೆಗೂ ನೀರಿನ ಮಟ್ಟಕ್ಕಿಂತ ಮೇಲೆ ಪ್ರತ್ಯೇಕ ತೂತು ಕೊರೆದೆ. ದೋಣಿ ವಾಲಿದಾಗ ಆ ತೂತು ಮುಳುಗುತ್ತದೆ. ಆದ್ದರಿಂದ ಪೈಪನ್ನು ಡೆಕ್ಕಿನ ಅಡಿಯವರೆಗೆ ಏರಿಸಿ ಇಳಿಸಿದ್ದೇನೆ, ಆ ಏರಿನ ನೆತ್ತಿಯಲ್ಲಿ ಗಾಳಿಯನ್ನು ಒಳಗೆ ಬಿಡುವ ವಾಲ್ವಿದೆ. ಅದಿಲ್ಲದಿದ್ದರೆ ಸೈಫನ್ ಹಿಡಿದು ಸಮುದ್ರದ ನೀರು ಒಳಗಿಳಿಯಬಹುದು. ಕೆಲವು ಸರೋವರಗಳಲ್ಲಿ ಸ್ನಾನದ ನೀರನ್ನೂ ಹೊರಗೆ ಬಿಡುವಂತಿಲ್ಲ, ಅಂಥ ಕಡೆ ಇದಾವುದೂ ಉಪಯೋಗಕ್ಕೆ ಬರುವುದಿಲ್ಲ, ತುಂಬಿಟ್ಟುಕೊಳ್ಳುವ ಟ್ಯಾಂಕೇ ಬೇಕು.

ತಟ್ಟೆಯ ಯಾವ ಮೂಲೆಗೆ ಪೈಪು ಇಡಬೇಕೆಂದು ಗೊತ್ತುಮಾಡುವ ಮೊದಲು ದೋಣಿ ನೀರಿನಲ್ಲಿರುವಾಗಲೇ ಒಂದು ಮಗ್ಗು ನೀರು ಸುರಿದು ನೋಡಿ. ನಾನು ಹಿಂದಿನ ಎಡಮೂಲೆ ಅಂದುಕೊಂಡಿದ್ದೆ, ನೀರು ಬಲಕ್ಕೆ ಓಡಿತು. ಬಲಗಡೆಯ ಟ್ಯಾಂಕು ತುಂಬಿತ್ತು! ಟ್ಯಾಂಕು ಅರ್ಧವಾದ ಮೇಲೆ ಮತ್ತೆ ಸುರಿದರೆ ನಡುವೆ ನಿಂತಿತು. 60 ಸೆಂಟಿಮೀಟರಿನ ತಟ್ಟೆಗೆ 12 ಮಿಲಿಮೀಟರ್ ಇಳಿಜಾರು ಕೊಟ್ಟು ಬಲಮೂಲೆಗೇ ಇಟ್ಟೆ. ಉಳಿದ ಒಂದಿಷ್ಟು ನೀರನ್ನು ಸ್ಪಂಜು ಎತ್ತುತ್ತದೆ.

ಒತ್ತಡದ ಶವರ್ ಈಗಲೂ ಗೋಡೆಯ ಮೇಲಿದೆ, ಕಾಲು ತೊಳೆಯಲು ಆಗುತ್ತದೆ. ಸ್ನಾನ ಒಳಗಾಗಲಿ ಹೊರಗಾಗಲಿ ಔಷಧಿ ಪಂಪಿನಲ್ಲೇ. ಐದು ಲೀಟರನ್ನು ಆಚೆ ಹಾಕಲು ಡಯಾಫ್ರಮ್ ಪಂಪಿಗೆ ಅರ್ಧ ನಿಮಿಷವೂ ಬೇಡ. ಸಂಪ್ ಡಬ್ಬಿಯನ್ನು ಕಿತ್ತು ತೊಳೆದಿಟ್ಟೆ, ಅದರಲ್ಲಿ ಈಗ ಹಗ್ಗ, ಸರಪಳಿ ಸಿಕ್ಕಿಸುವ ಬಿಡಿ ಶ್ಯಾಕಲ್ಲುಗಳಿವೆ. ಮೊನ್ನೆ ಬಿಲ್ಜಿನ ಹಲಗೆ ಎತ್ತಿ ಟಾರ್ಚು ಬಿಟ್ಟೆ. ತಳದಲ್ಲಿ ಧೂಳು ಕೂತಿತ್ತು.